ಅತ್ತಿ ಬಾಯಾಗ ಬಿದ್ದ ವಿಕೆಟ್‌ಗಳು

ನಮ್ಮ ಅತ್ತಿ ಯಂಕಮ್ಮ ಮಸ್ಕಿಯೊಳಗಿನ ನಮ್ಮ ಮನ್ಯಾಗ ಕಾಲಿಟ್ಟಾಗೆಲ್ಲ ಭಾರತ ಸೋತೈತಿ. ಇದು ಬಾಯಿಮಾತಲ್ಲ, ನನ್ನ ಏಳು ವರ್ಷದ ಸಂಶೋಧನೆ. ಮೂರು ಸಲ ಬಂದ್ಲು, ಮೂರು ಸಲ ಒಂದು ದಿನದ ಮ್ಯಾಚು ಕೈ ಬಿಟ್ಟು ಹೋತು. ಒಮ್ಮೆ ಅಂತೂ ಹೋಳಿಗಿ ಡಬ್ಬಿ ಹಿಡ್ಕೊಂಡು ಹೊಸ್ತಿಲ ದಾಟೋದ್ರಾಗ ನಾಲ್ಕು ವಿಕೆಟ್ ಬಿದ್ದಿದ್ವು. ಹೋಳಿಗಿ ತಿಂದೆ ಖರೆ, ಆದ್ರ ಮೈಗೆ ಹತ್ತಲಿಲ್ಲ.

ಈ ಸಲ ಅಂತರರಾಷ್ಟ್ರೀಯ ಪಂದ್ಯಾವಳಿ, ಭಾನುವಾರ ಮಧ್ಯಾಹ್ನ ಫೈನಲ್. ಅದಕ್ಕ ಮೂರು ದಿನ ಮೊದಲ ಅತ್ತಿ ಬಂದು ಒಳಗಿನ ಖೋಲಿ ಹಿಡದ್ಲು. ಲಿಂಗಸುಗೂರಿನಾಗ ಕಣ್ಣಿನ ಪೊರಿ ತಗಿಸಿದ್ವಿ. ಎರಡು ವಾರ ಟಿವಿ ನೋಡಬಾರದು, ನಾಲ್ಕು ತಾಸಿಗೊಮ್ಮೆ ಹನಿ ಹಾಕಬೇಕು ಅಂದಿದ್ರು ಡಾಕ್ಟರ್. ಹಿಂಗಾಗಿ ಕಿಟಕಿಗೆ ಕೌದಿ ಕಟ್ಟಿದ ಆ ಕತ್ತಲ ಖೋಲ್ಯಾಗ, ಕರೀ ಕನ್ನಡಕ ಹಾಕ್ಕೊಂಡು, ತಲಿತುಂಬ ಸೆರಗು ಹೊದ್ಕೊಂಡು ಮಾತಿಲ್ಲದ ಮಲಗಿರ್ತಿದ್ಲು. ನಾ ಖೋಲಿ ಮುಂದ ಹಾದು ಹೋದ್ರ ಆ ಕನ್ನಡಕ ನನ್ನ ಹಿಂದ ಹಿಂದ ತಿರುಗಿದಂಗ ಅನಿಸ್ತಿತ್ತು.

"ಜಯಾ, ನಿಮ್ಮವ್ವನ್ನ ಇವತ್ತ ನಾಲ್ಕರ ಬಸ್ಸಿಗೆ ಸಾಲಗುಂದಕ್ಕ ಕಳಿಸಿಬಿಡೂಣು. ಅಲ್ಲಿ ಗಾಳಿ ಚೊಲೋ ಐತಿ," ಅಂದೆ ಭಾನುವಾರ ಮುಂಜಾನೆ ಹೆಂಡ್ತಿ ಜಯಶ್ರೀಗೆ.

"ಗಾಳಿ ತಗೊಂಡು ಏನು ಮಾಡ್ಲಿ? ಅಲ್ಲಿ ಹನಿ ಯಾರು ಹಾಕ್ತಾರ?"

"ನಿನ್ನ ತಮ್ಮ ಲಕ್ಷ್ಮಣ ಇಲ್ಲೇನು?"

"ಅವ ಎಮ್ಮಿಗೆ ನೀರು ಕುಡಿಸೋದ ಮರೀತಾನ. ಖರೆ ಹೇಳ್ರಿ, ಮ್ಯಾಚಿನ ಸಲುವಾಗಿ ಹೌದಿಲ್ಲೋ?"

"ದೇಶದ ಸಲುವಾಗಿ," ಅಂದೆ.

"ನಮ್ಮವ್ವ ಏನು ಬಾಲ್ ಹಾಕಾಕ ಹೋಗ್ಯಾಳೇನು? ನಾಳೆ ಆಕಿ ಕಣ್ಣು ಹೋದ್ರ ನಿಮ್ಮ ದೇಶ ಬಂದು ಕೈ ಹಿಡದು ನಡಸ್ತೈತೇನು?"

ಆದ್ರೂ ನಾನು ಹಟ ಬಿಡಲಿಲ್ಲ. ಅತ್ತಿ ಚೀಲ ತುಂಬಿ ಬಾಗಿಲ ಹತ್ರ ಇಟ್ಟೆ.

ನಮ್ಮ ಡಿಶ್ ತಟ್ಟಿಮ್ಯಾಲ ಮಂಗ ಕುಂತು ದಿಕ್ಕು ಕೆಡಿಸಿತ್ತು. ಅದಕ್ಕ ಮೊಬೈಲ್‌ನ್ನ ಟಿವಿಗೆ ಜೋಡಿಸಿ ನೋಡಾಕ ಕುಂತೆ. ಮಸ್ಕಿ ಬಜಾರ್ ಪೂರಾ ಬಂದ್ ಆಗಿತ್ತು. ಒಂದು ಆಟೋ ಇಲ್ಲ, ಒಂದು ನಾಯಿ ಬೊಗಳಲಿಲ್ಲ, ಬಿಸಲೊಂದೇ ಓಣ್ಯಾಗ ನಿಂತಿತ್ತು. ನಮ್ಮವರದು ಮೊದಲ ಬ್ಯಾಟಿಂಗ್. ಮೂರನೇ ಓವರ್ ನಡದಿತ್ತು, ಒಳಗಿನ ಖೋಲಿಯಿಂದ ಸಣ್ಣ ದನಿ ಬಂತು.

"ಹೋದ, ಪಾಪ."

ಟಿವ್ಯಾಗ ಬ್ಯಾಟ್ಸ್‌ಮನ್ ಆರಾಮ ನಿಂತು ಕೈಗವಸು ಸರಿ ಮಾಡ್ಕೊಳ್ಳಾಕತ್ತಿದ್ದ. ಅತ್ತಿ ಕನಸಿನಾಗ ಮಾತಾಡ್ಯಾಳ ಅನ್ಕೊಂಡೆ. ಅರ್ಧ ನಿಮಿಷಕ್ಕ ಅವನ ಸ್ಟಂಪು ಹಾರಿ ಬಿತ್ತು.

ಒಂಬತ್ತನೇ ಓವರ್‌ನ್ಯಾಗ ಮತ್ತ ಅದೇ ದನಿ. "ಇವನೂ ಹೋದ. ಕೀಪರ್ ಕೈಯಾಗ." ನಾನು ಉಸಿರು ಹಿಡದು ಎಣಿಸಿದೆ. ಇಪ್ಪತ್ತೆಂಟು ಅನ್ನೋದ್ರಾಗ ಬ್ಯಾಟಿನ ಅಂಚಿಗೆ ತಾಗಿ ಬಾಲು ಕೀಪರ್ ಕೈಯಾಗ ಹೋಗಿ ಕುಂತಿತ್ತು. ಇಷ್ಟು ದಿನ ಕಾಲ್ಗುಣ ಅನ್ಕೊಂಡಿದ್ದೆ, ಇದು ನಾಲಿಗಿ ಗುಣ. ಆಕಿ ಹೇಳ್ತಾಳ, ಅವರು ಬೀಳ್ತಾರ.

ಜಯಶ್ರೀ ಅಡಗಿಮನ್ಯಾಗ ಮಿರ್ಚಿ ಕರಿಯಾಕತ್ತಿದ್ಲು. ಆಕಿಗೆ ಹೇಳಿದ್ರ ನನಗ ಹುಚ್ಚು ಹಿಡದೈತಿ ಅಂತಾಳ. ಗಟ್ಟಿ ಮನಸ್ಸು ಮಾಡಿ ವಿಚಾರ ಮಾಡಿದೆ, ಥಟ್ಟನೆ ಹೊಳೀತು. ಅತ್ತಿ ಖೋಲಿ ಗ್ವಾಡಿಗೆ ಹತ್ತಿದ್ದು ಜಿಲಾನಿಸಾಬ್ ಅವರ ಮನಿ. ನಮ್ಮ ಮೊಬೈಲ್ ಅರ್ಧ ನಿಮಿಷ ಹಿಂದ ಓಡತೈತಿ, ಅವರ ಟಿವಿ ಮುಂದ ಓಡತೈತಿ. ಅವರು ಕೂಗಿದ್ದು ಗ್ವಾಡಿ ದಾಟಿ ಅತ್ತಿ ಕಿವಿಗೆ ಬೀಳ್ತೈತಿ, ಅಷ್ಟ. ನನ್ನ ಬುದ್ಧಿಗೆ ನಾನ ಶಭಾಷ್ ಅಂದು, ನೋಡ್ಕೊಂಡು ಬರೂಣು ಅಂತ ಹೊರಗ ಹೋದೆ.

ಜಿಲಾನಿಸಾಬ್ ಅವರ ಬಾಗಿಲಿಗೆ ಕೀಲಿ ಹಾಕಿತ್ತು. ಆಮ್ಯಾಲ ನೆನಪಾತು, ಅವರ ಹೆಂಡ್ತಿ ಜುಬೇದಾಬೀ ಮುಂಜಾನೆನ ಹೇಳಿ ಹೋಗಿದ್ರು, ಎಲ್ಲಾರೂ ಶಾದಿಗೆ ಹೊಂಟೀವಿ ಅಂತ. ಬಾಗಿಲಿಗೆ ಕಿವಿ ಹಚ್ಚಿದೆ. ಒಳಗ ಗಡಿಯಾರದ ಟಿಕ್‌ಟಿಕ್ ಬಿಟ್ರ ಏನೂ ಇಲ್ಲ. ಆ ಬಿಸಿಲಾಗ ನನಗ ಥಂಡಿ ಹತ್ತಿತು.

ಕಳ್ಳಹೆಜ್ಜಿ ಇಟ್ಟು ಒಳಗ ಬಂದು ಅತ್ತಿ ಖೋಲಿ ಬಾಗಿಲ್ದಾಗ ನಿಂತೆ. ಕತ್ತಲಾಗ ಎರಡು ಕರೀ ಗಾಜು ನನ್ನ ಕಡೆ ತಿರುಗಿದ್ವು.

"ಯಾಕ ನಿಂತೀರಿ ಅಳಿಯಂದ್ರ? ಒಳಗ ಬರ್ರಿ. ಇನ್ನೊಬ್ಬ ಹೋದ."

ಉದ್ದಕ್ಕ ಆಕಿ ಕಾಲಿಗೆ ಬಿದ್ದೆ. "ಅತ್ತೀ, ತಪ್ಪಾತು. ನಿಮ್ಮನ್ನ ಊರಿಗೆ ಅಟ್ಟಾಕ ನಿಂತಿದ್ದೆ. ಎರಡು ವಾರ ಅಲ್ಲ, ಎರಡು ವರ್ಷ ಇರ್ರಿ, ಹನಿ ನಾನ ಹಾಕ್ತೀನಿ. ಉಳದವರನ್ನರ ಉಳಿಸ್ರಿ, ಬಾಯಿ ತಗೀಬ್ಯಾಡ್ರಿ."

ಅತ್ತಿ ಸೆರಗು ಸರಿಸಿದ್ಲು. ಕಿವ್ಯಾಗ ಒಂದು ವಾಯರ್, ದಿಂಬಿನ ಬುಡಕ ಒಂದು ಚಿಕ್ಕ ರೇಡಿಯೋ.

"ಕಣ್ಣು ಮುಚ್ಚಿ ಮಲಗಿದ್ರ ಹೊತ್ತು ಹೋಗಬೇಕಲ್ರಿ. ನಿಮ್ಮ ಮೊಬೈಲ್‌ಗಿಂತ ಇದು ಮುಂದ ಹೇಳ್ತೈತಿ," ಅಂದ್ಲು. "ನಿಮ್ಮ ಮಾವ ಇದ್ದಾಗಿಂದ ನಲವತ್ತು ವರ್ಷ ಕೇಳೀನಿ. ನೀವು ಒಮ್ಮೆರ ಕೇಳಿದ್ರ ಹೇಳ್ತಿದ್ದೆ."

ನಾಚಿಕಿಂದ ನೆಲಕ್ಕ ಇಳದು ಹೋದೆ. ಮೂರು ದಿನ ಒಂದೇ ಸೂರಿನಡಿ ಇದ್ದು, ಹೆಂಗಿದ್ದೀರಿ ಅಂತ ಒಂದು ಮಾತು ಕೇಳಿದ್ದಿಲ್ಲ ನಾನು. ಅಷ್ಟರಾಗ ಜಯಶ್ರೀ ಮಿರ್ಚಿ ಕರಿಯೋ ಝಾರಿ ಹಿಡ್ಕೊಂಡ ಬಂದು ನಿಂತಿದ್ಲು.

ಅತ್ತಿ ಮಾತು ಮುಗಿದಿದ್ದಿಲ್ಲ. "ಒಂದು ಮಾತು ಹೇಳ್ಲ್ಯಾ? ಈಗ ನೀವು ಹೊರಗ ಹೋದ್ರಲ್ಲ, ಆಗ ಎರಡು ಸಿಕ್ಸ್ ಬಂದ್ವು. ಹೊಸ್ತಿಲದಾಗ ಕಾಲಿಟ್ರಿ, ವಿಕೆಟ್ ಬಿತ್ತು. ಆ ಮೂರು ಮ್ಯಾಚಿನಾಗ ನಾ ಇದ್ದೆ ಖರೆ. ನೀವೂ ಮನ್ಯಾಗನ ಇದ್ರಿ ಹೌದಿಲ್ಲೋ?"

ಜಯಶ್ರೀ ನನ್ನನ್ನ ಹೊಸಾ ಮನುಷ್ಯಾನ್ನ ನೋಡಿದಂಗ ನೋಡಿದ್ಲು.

"ರೀ, ಒಮ್ಮೆ ಹೊರಗ ಹೋಗ್ರಿ ನೋಡೂಣು."

ಹೋದೆ. "ಫೋರ್," ಅಂದ್ಲು ಅತ್ತಿ. ಒಳಗ ಬಂದೆ. "ರನ್‌ಔಟ್," ಅಂದ್ಲು. ಇನ್ನ ಹೋಗು ಅಂತ ಯಾರೂ ಹೇಳಬೇಕಾಗಿದ್ದಿಲ್ಲ, ಆದ್ರೂ ಜಯಶ್ರೀ ಚೀಲದಾಗಿನ ಅತ್ತಿ ಸೀರಿ ತಗದು ನನ್ನ ಲುಂಗಿ ತುಂಬಿ ಕೈಯಾಗ ಕೊಟ್ಲು.

"ನಾಲ್ಕರ ಬಸ್ಸು ಐತಿ. ದೇಶದ ಸಲುವಾಗಿ," ಅಂದ್ಲು.

ಬಸ್ಸಿನಾಗ ನಾನು, ಡ್ರೈವರು, ಕಂಡಕ್ಟರು ಮೂರೇ ಮಂದಿ. ಸಿಂಧನೂರು ತನಕ ರಸ್ತೆದಾಗ ಒಂದು ಪ್ರಾಣಿ ಕಾಣಲಿಲ್ಲ. ಊರು ಬಂದಾಗೆಲ್ಲ ಮುಚ್ಚಿದ ಬಾಗಿಲುಗಳ ಹಿಂದ ಎಲ್ಲಾ ಮನಿಯವರೂ ಒಮ್ಮೆಲೇ ಹೋ ಅಂತಿದ್ರು, ಮತ್ತ ಸುಮ್ಮನಾಗ್ತಿದ್ರು. ಬಸ್ಸು ಮಸ್ಕಿ ಬಿಟ್ಟ ಮ್ಯಾಲ ಒಂದೂ ವಿಕೆಟ್ ಬಿದ್ದಿಲ್ಲ ಅಂತ ಕಂಡಕ್ಟರು ಖುಷಿಲೆ ಹೇಳಿದ. ನಾನು ಕಿಟಕಿ ಕಡೆ ಮುಖ ತಿರುಗಿಸಿದೆ.

ಸಾಲಗುಂದ ಮುಟ್ಟಿದಾಗ ನಮ್ಮವರ ಬ್ಯಾಟಿಂಗ್‌ನ್ಯಾಗ ಇನ್ನೂ ಎಂಟು ಓವರ್ ಉಳದಿದ್ವು. ಲಕ್ಷ್ಮಣನ ಓಣಿಗೆ ಬಂದೆ. ನಾ ಮುಂದ ಮುಂದ ಹೋದಂಗ ಬಾಗಿಲುಗಳು ಒಂದೊಂದ ಮುಚ್ಚಿಕೊಂಡ್ವು. ಜಯಶ್ರೀ ಫೋನ್ ನನಗಿಂತ ಮೊದಲ ಮುಟ್ಟಿತ್ತು. ಲಕ್ಷ್ಮಣ ಬಾಗಿಲ ತಗೀಲಿಲ್ಲ. ಕಿಟಕಿ ಸಂದ್ಯಾಗಿಂದ ರೊಟ್ಟಿ ಪಲ್ಯದ ತಾಟು ಹೊರಗ ಸರಿಸಿದ.

"ಮಾಮಾ, ಸಿಟ್ಟಾಗಬ್ಯಾಡ್ರಿ. ಎಮ್ಮಿ ಹತ್ರ ಕುಂತು ಉಣ್ರಿ."

"ಓದಿದವ ನೀ, ಇಂಥಾದೆಲ್ಲ ನಂಬ್ತಿಯೇನಲೇ?" ಅಂತ ಬೈದೆ. ಅಷ್ಟರಾಗ ಒಳಗ ಟಿವಿ ಮುಂದ ಕುಂತವರೆಲ್ಲ ಅಯ್ಯಯ್ಯೋ ಅಂದ್ರು.

ನಾನು ತಾಟು ತಗೊಂಡು ಇಪ್ಪತ್ತು ಹೆಜ್ಜಿ ದೂರ ಹೋಗಿ ಕುಂತೆ. ಒಳಗ ಸೀಟಿ ಹೊಡದ್ರು. ಇನ್ನೂ ಇಪ್ಪತ್ತು ಹೆಜ್ಜಿ ಹೋದೆ.