ವಕೀಲರ ಕುಂಪಾರೆಗಳು

ಚುನಾವಣೆಯ ಬೆಳಗ್ಗೆ ವಕೀಲ ಇಲಾರಿಯೋನ್ ಅಬ್ರೆನಿಕಾ ಚರ್ಚಿನ ಬೀದಿ ಬಿಟ್ಟು ಬೇರೆ ಬೀದಿ ಹಿಡಿದಿದ್ದರೆ ಈ ಫಜೀತಿ ಆಗುತ್ತಿರಲಿಲ್ಲ. ಪಟ್ಟಣದ ಅಧ್ಯಕ್ಷಗಿರಿಗೆ ನಿಂತು ಎರಡು ಸಲ ಸೋತವರು ಅವರು. "ಈ ಸಲವೂ ಸೋತ್ರೆ ಕೋಟು ಬಿಚ್ಚಿಟ್ಟು ನಮ್ಮಪ್ಪನ ಮೀನಿನ ಕೊಳ ಕಾಯೋಕೆ ಹೊರಡಿ," ಎಂದು ಹೆಂಡತಿ ಪೆತ್ರೋನಾ ಖಡಾಖಂಡಿತ ಹೇಳಿದ್ದಳು.

ಚರ್ಚಿನ ಬಾಗಿಲಲ್ಲಿ ಬಡಗಿ ಸಿಲಾಸ್ ಕೂಸು ಹಿಡಿದು ನಿಂತಿದ್ದ.

"ವಕೀಲ್ರೇ, ಧರ್ಮತಂದೆ ಆಗ್ಬೇಕಾಗಿದ್ದೋನು ಜ್ವರ ಬಂದು ಮಲಗವ್ನೆ. ನೀವೇ ಸ್ವಲ್ಪ ಕೂಸು ಹಿಡ್ಕೊಳ್ಳಿ."

ಹಿಡಿದರು. ಜ್ಞಾನಸ್ನಾನಕ್ಕೆ ಕೂಸನ್ನು ಹಿಡಿದವನೂ ಅದರ ತಂದೆಯೂ ಸಾಯುವವರೆಗೂ ಒಬ್ಬರಿಗೊಬ್ಬರು ಕುಂಪಾರೆ. ಕುಂಪಾರೆಗೆ ಇಲ್ಲವೆನ್ನಬಾರದು, ಅದು ದೇವರ ಎದುರು ಕಟ್ಟಿದ ನಂಟು.

ಸುದ್ದಿ ಹಬ್ಬಿ ಊರಿನ ಅಪ್ಪಂದಿರೆಲ್ಲ ಕೂಸುಗಳನ್ನು ಎತ್ತಿಕೊಂಡು ಬಂದರು. ಸ್ವಲ್ಪ ಹೊತ್ತಿಗೆ ಚರ್ಚು ಕೋಳಿಗೂಡಿನಂತೆ ಕಿಚಿಗುಟ್ಟತೊಡಗಿತು. ಯಾವ ಕೂಸು ಯಾರದೆಂದು ತಿಳಿಯದೆ ವಕೀಲರು ಒಂದು ಹೆಣ್ಣುಮಗುವಿಗೆ ಗ್ರೆಗೋರಿಯೋ ಎಂದು ಗಂಡುಹೆಸರಿಡಿಸಿದರು. ಪಾದ್ರಿ ಸಿಲ್ವೆಸ್ತ್ರೆ, ದೇವರು ಆ ಸಾಧುವಿಗೆ ನೆಮ್ಮದಿ ಕೊಡಲಿ, ಕನ್ನಡಕ ಒರೆಸಿಕೊಂಡು ಕೇಳಿದರು: "ಇಲಾರಿಯೋನ್, ನೀನು ವೋಟು ಕೇಳ್ತಿದೀಯೋ, ಮಕ್ಕಳನ್ನ ಕೇಳ್ತಿದೀಯೋ?"

"ನಮ್ಮ ವೋಟು ವಕೀಲ್ರಿಗೇ," ಎಂದರು ಅಪ್ಪಂದಿರು.

"ವಕೀಲ ಗಿಕೀಲ ಬಿಡ್ರಪ್ಪ. ಇನ್ಮೇಲೆ ಕುಂಪಾರೆ ಅನ್ನಿ, ಸಾಕು."

ಅಷ್ಟರಲ್ಲಿ ಎದುರಾಳಿ ಮಕಾರಿಯೋ ತನ್ನ ಮುಪ್ಪಿನ ಕಾಲದ ಮಗನನ್ನು ಎತ್ತಿಕೊಂಡು ಬಂದ. "ನಿಮ್ದು ಪುಣ್ಯದ ಕೈಯಂತೆ. ನಮ್ದೂ ಒಂದು ಆಗ್ಬಿಡ್ಲಿ."

ಅಷ್ಟು ಜನರ ಮುಂದೆ ಏನು ಹೇಳುವುದು? ವಕೀಲರು ಕೈ ಚಾಚಿದರು. ಕೂಸು ಕೋಟಿನ ಮೇಲೆ ಉಚ್ಚೆ ಹೊಯ್ದಿತು.

ಸಂಜೆ ಶಾಲೆಯಲ್ಲಿ ಎಣಿಕೆ. ಅಭ್ಯರ್ಥಿಯ ಹೆಸರನ್ನು ಮತದಾರನೇ ಚೀಟಿಯಲ್ಲಿ ಬರೆಯಬೇಕಾಗಿದ್ದ ಕಾಲವದು. ಅಧಿಕಾರಿ ಮೊದಲ ಚೀಟಿ ಬಿಚ್ಚಿ ಓದಿದ: "ಕುಂಪಾರೆ." ಮುಂದಿನದು: "ಕುಂಪಾರೆ." ಅದರ ಮುಂದಿನದು: "ನಮ್ಮ ಕುಂಪಾರೆ."

"ಯಾವ ಕುಂಪಾರೆ ಮಾರಾಯ್ರೆ? ನಂಗೂ ಊರ ತುಂಬ ಕುಂಪಾರೆಗಳೇ," ಎಂದು ಅಧಿಕಾರಿ ತಲೆ ಕೆರೆದುಕೊಂಡು ಅವನ್ನೆಲ್ಲ ತಳ್ಳಿಹಾಕಿದ. ಹೆಸರಿದ್ದ ಚೀಟಿಗಳಲ್ಲಿ ಮಕಾರಿಯೋ ಗೆದ್ದ.

"ನೀವೇ ಅಂದ್ರಲ್ಲ, ಕುಂಪಾರೆ ಅಂದ್ರೆ ಸಾಕು ಅಂತ," ಎಂದ ಸಿಲಾಸ್ ಕಕ್ಕಾಬಿಕ್ಕಿಯಾಗಿ.

ವಕೀಲರು ಗೋಡೆಗೆ ಒರಗಿದರು. "ಕೋರ್ಟಿಗೆ ಹೋಗ್ಬಹುದು. ಆದ್ರೆ ಮಕಾರಿಯೋನೂ ಈಗ ಕುಂಪಾರೆ, ಅವನ ಮೇಲೆ ನಾನು ಹೇಗಪ್ಪ ದಾವೆ ಹಾಕ್ಲಿ?"

"ನೀವ್ಯಾಕೆ ಹಾಕ್ತೀರಿ?" ಎಂದ ಸಿಲಾಸ್. "ವೋಟು ಹಾಕಿದೋರು ನಾವು, ದಾವೆನೂ ನಾವೇ ಹಾಕ್ತೀವಿ. ಚೀಟಿಯಲ್ಲಿರೋ ಕುಂಪಾರೆ ನೀವೇ ಅಂತ ಇಡೀ ಊರು ಸಾಕ್ಷಿ ಹೇಳುತ್ತೆ."

ವಕೀಲರ ಮುಖ ಅರಳಿತು. ಪಾಪವೂ ಇಲ್ಲ, ಸೋಲೂ ಇಲ್ಲ. ಅವರು ಶಿಲುಬೆಯ ಗುರುತು ಹಾಕಿಕೊಂಡು ಹೊರಬಂದರು. ಮೆಟ್ಟಿಲ ಬಳಿ ಮಕಾರಿಯೋ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

"ನನ್ನ ಮೇಲೆ ದಾವೆಯಂತೆ, ಕುಂಪಾರೆ. ಈ ಪಟ್ಟಣಕ್ಕೆಲ್ಲ ಇರೋ ವಕೀಲ್ರು ನೀವೊಬ್ರೇ. ನನ್ನ ಕಡೆ ನೀವೇ ನಿಲ್ಬೇಕು."

ವಕೀಲರು ಚರ್ಚಿನ ಕಡೆ ನೋಡಿದರು.

"ಆಗ್ಲಿ, ಕುಂಪಾರೆ."

ಆ ದಾವೆಯನ್ನು ಅವರು ಗೆದ್ದರು.