ಓಹಾಯೋದಿಂದ ನನ್ನ ಗಡಿಪಾರು

ಮೇಡಂ ಎನಿಸಿಕೊಂಡವರು ಸಣ್ಣದೊಂದು ಚಟ ಇಟ್ಟುಕೊಳ್ಳುವುದು ಬಲು ಕಷ್ಟ, ಅದರಲ್ಲೂ ಬೇಲೂರಿನಂಥ ಊರಿನಲ್ಲಿ. ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ಒಂದು ಪ್ಲೇಟು ಮಸಾಲೆಪುರಿ ತಿಂದು ಇನ್ನೊಂದಕ್ಕೆ ಕೈ ಚಾಚಿದರೆ, ಮರುದಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದುನಿಂತು, "ಮಿಸ್, ನಿನ್ನೆ ಎರಡು ಪ್ಲೇಟ್ ತಿಂದ್ರಂತೆ" ಎನ್ನುತ್ತಾಳೆ. ಇಂಥ ಊರಿನಲ್ಲಿ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಒಂದು ವರ್ಷಕ್ಕೂ ಮೇಲೆ ಇಸ್ಪೀಟು ಆಡಿದೆ, ಅದೂ ಅಮೆರಿಕದವರ ಜೊತೆ, ಎಂದರೆ ನೀವು ನಂಬಲಿಕ್ಕಿಲ್ಲ.

ಇಸ್ಪೀಟಿನ ರುಚಿ ಹತ್ತಿದ್ದು ಬಾಣಾವರದ ತವರುಮನೆಯಲ್ಲಿ. ಅಪ್ಪ ಕೊಬ್ಬರಿ ವ್ಯಾಪಾರಿ. ಹಬ್ಬದ ಮಧ್ಯಾಹ್ನ ಗಂಡಸರು ಜಗಲಿಯಲ್ಲಿ ಜಮಖಾನ ಹಾಸಿ ಆಡಲು ಕೂತರೆ, ಕಾಫಿ ಕೊಡುವ ನೆಪದಲ್ಲಿ ನಾನು ಬೆನ್ನ ಹಿಂದೆ ಒಂದು ಸುತ್ತು ಹೊಡೆದು ಎಲ್ಲರ ಎಲೆಗಳನ್ನೂ ನೋಡಿಬಿಡುತ್ತಿದ್ದೆ. ಯಾರು ಗೆಲ್ಲುತ್ತಾರೆಂದು ಅವರೆಲ್ಲರಿಗಿಂತ ಮೊದಲು ನನಗೇ ಗೊತ್ತಾಗುತ್ತಿತ್ತು. ಆದರೆ ನನ್ನ ಕೈಗೊಂದು ಎಲೆ ಕೊಟ್ಟವರಿಲ್ಲ. ಮದುವೆಯಾಗಿ ಬೇಲೂರಿಗೆ ಬಂದರೆ, ನಮ್ಮ ಯಜಮಾನರು ತಾಲ್ಲೂಕು ಕಚೇರಿಯ ಗುಮಾಸ್ತರು. ಜೋಕರ್ ಯಾವುದು, ಗುಲಾಮ ಯಾವುದು ಎಂದು ತಿಳಿಯದ ಸಜ್ಜನರು.

ಆಮೇಲೆ ಶಿಕ್ಷಕರಿಗೆಲ್ಲ ಕಂಪ್ಯೂಟರ್ ತರಬೇತಿ ಬಂತು. "ಅಭ್ಯಾಸ ತಪ್ಪಿಸಬೇಡಿ" ಎಂದರು. ನಾನು ತಪ್ಪಿಸಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಿಕ್ಕೋಡಿನ ರುದ್ರೇಶ ನಡೆಸುತ್ತಿದ್ದ ಸೈಬರ್ ಸೆಂಟರಿನಲ್ಲಿ ಒಂದು ಗಂಟೆ ಕೂರುತ್ತಿದ್ದೆ. ಅಲ್ಲಿ ಅದನ್ನು ಇದನ್ನು ಒತ್ತುತ್ತಾ ಪೋಕರ್ ಎಂಬ ಇಸ್ಪೀಟಾಟದ ಸೈಟೊಂದು ಸಿಕ್ಕಿತು. ದುಡ್ಡಿಲ್ಲದೆಯೂ ಆಡಬಹುದು, ಪುಕ್ಕಟೆ ಬಣ್ಣದ ಬಿಲ್ಲೆಗಳನ್ನು ಅವರೇ ಕೊಡುತ್ತಾರೆ. ಹೆಸರು ಬರೆದೆ. ಯಾವ ರಾಜ್ಯ ಎಂದು ಕೇಳಿತು. ಪಟ್ಟಿಯಲ್ಲಿ ಅಮೆರಿಕದ ರಾಜ್ಯಗಳೇ ಇದ್ದವು, ಕರ್ನಾಟಕ ಎಷ್ಟು ಹುಡುಕಿದರೂ ಇಲ್ಲ. ಓದಲು ಸುಲಭವಾಗಿದೆ ಎಂದು ಓಹಾಯೋ ಒತ್ತಿದೆ. ಅಲ್ಲಿಂದ ಪ್ರತಿ ಶನಿವಾರ ನಾನು ಓಹಾಯೋದ ಹೆಂಗಸು. ನನ್ನನ್ನು ಮಿಸ್ ಎನ್ನುವವರಿಲ್ಲ, ಕಾಫಿ ಕೇಳುವವರಿಲ್ಲ. ಎಲ್ಲೆಲ್ಲಿಯವರನ್ನೋ ಸೋಲಿಸಿ, ಸಂತೆಯಿಂದ ಸೊಪ್ಪು ಕೊಂಡು ಮನೆಗೆ ಬರುತ್ತಿದ್ದೆ.

ಒಂದು ಶನಿವಾರ ಆಟದ ಬದಲು ಪತ್ರ ಬಂದಿತ್ತು. ಹೊಸ ಕಾನೂನು, ಜೂಜು, ನಿಷೇಧ, ನಿಮ್ಮ ಖಾತೆ ಬಂದ್ ಎಂಬ ನಾಲ್ಕು ಮಾತು ಓದುವಷ್ಟರಲ್ಲಿ ಶಾಲೆಯ ಗೇಟಿನಲ್ಲಿ ಪೊಲೀಸ್ ಜೀಪು ನಿಂತಂತೆಯೇ ಕಂಡಿತು. ರುದ್ರೇಶ ಬಗ್ಗಿ ಓದಿದ.

"ಹೆದ್ರುಕೋಬೇಡಿ ಮೇಡಂ. ಅಮೆರಿಕದಾಗೆ ಕಾನೂನು ಬಂದೈತಂತೆ. ಅಲ್ಲಿರೋರ್ನೆಲ್ಲ ಸೈಟಿನೋರು ಆಚೆಗೆ ಹಾಕವ್ರೆ."

"ನಾನು ಅಲ್ಲಿಲ್ಲವಲ್ಲೋ!"

"ನೀವೇ ಬರ್ದಿದೀರಲ್ಲ, ಓಹಾಯೋ ಅಂತ."

ಹೆದರಿಕೆ ಇಳಿದ ಮೇಲೆ ಸಿಟ್ಟು ಬಂತು. ಕಾನೂನು ಅವರದು, ಆಟ ಹೋದದ್ದು ನನ್ನದು. ನಾನು ಹಾಸನ ಜಿಲ್ಲೆ ಬೇಲೂರಿನವಳು, ದಯವಿಟ್ಟು ಪರಿಶೀಲಿಸಿ ಎಂದು ಬರೆದೆ. ವಾಸದ ದಾಖಲೆಯನ್ನು ಇಂಗ್ಲಿಷಿನಲ್ಲಿ, ಅಧಿಕಾರಿಯೊಬ್ಬರ ರುಜುವಿನೊಂದಿಗೆ ಕಳಿಸಿ ಎಂದು ಉತ್ತರ ಬಂತು. ರೇಷನ್ ಕಾರ್ಡ್ ಇದ್ದದ್ದು ಯಜಮಾನರ ಬೀರುವಿನಲ್ಲಿ, ಬೀಗದ ಕೈ ಅವರ ಜನಿವಾರದಷ್ಟೇ ಭದ್ರವಾಗಿ ಅವರ ಬಳಿ. ವಿಧಿಯಿಲ್ಲದೆ ಎಲ್ಲವನ್ನೂ ಹೇಳಿದೆ.

ಅವರು ಕನ್ನಡಕ ತೆಗೆದರು. "ಇಸ್ಪೀಟಾ? ನೀನಾ?"

"ಹೂಂ ರೀ."

ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡು, "ಗೆಲ್ತಿದ್ಯೇನೇ?" ಎಂದರು.

"ಸುಮಾರಾಗಿ."

ಎದ್ದುಹೋಗಿ ಬೀರು ತೆರೆದು ಕಾರ್ಡ್ ಕೊಟ್ಟರು.

ರುಜು ಹಾಕಬೇಕಾದವರು ನಮ್ಮ ಹೆಡ್ಮಾಸ್ಟರು. ನಾನು ಇಂಗ್ಲಿಷಿಗೆ ಇಳಿಸಿದ ಹಾಳೆಯನ್ನು ಅವರು ತಿರುಗಿಸಿ ಮುರುಗಿಸಿ ನೋಡಿ, "ಅಮೆರಿಕದೋರಿಗೆ ನಿಮ್ಮ ರೇಷನ್ ಕಾರ್ಡ್ ಯಾಕಮ್ಮ? ಸೀಮೆಎಣ್ಣೆ ಕೊಡ್ತಾರಾ?" ಎಂದರು.

"ಗಣಿತದ ವಿಷಯ ಸಾರ್. ಸಂಭವನೀಯತೆ."

ಪೂರ್ತಿ ಸುಳ್ಳಲ್ಲ. ಆದರೆ ಅವರು ಸೀಲು ಒತ್ತಿ, ಸ್ಟಾಫ್ ರೂಮಿಗೆ ಬಂದು, "ನಮ್ಮ ಮೇಡಂ ಅವರ ಗಣಿತವನ್ನು ಅಮೆರಿಕದವರು ಗುರುತಿಸಿದ್ದಾರೆ" ಎಂದು ಸಾರಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಸೀಮೆಸುಣ್ಣದ ಡಬ್ಬಿ ಹುಡುಕುವವಳಂತೆ ಮೇಜಿನ ಕೆಳಗೆ ಬಗ್ಗಿದೆ.

ಹದಿನೈದು ದಿನ ಕಾದ ಮೇಲೆ ಉತ್ತರ ಬಂತು. ನೀವು ಓಹಾಯೋದವರಲ್ಲ ಎಂಬುದನ್ನು ಒಪ್ಪಿದ್ದೇವೆ. ಸೇರುವಾಗ ಸುಳ್ಳು ವಿಳಾಸ ಕೊಟ್ಟಿರುವುದರಿಂದ ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಿದ್ದೇವೆ.

"ಸುಳ್ಳು ಹೇಳ್ದಾಗ ಆಡುಸ್ತಿದ್ರು, ನಿಜ ಹೇಳಿದ್ಕೆ ಓಡ್ಸವ್ರೆ ನೋಡಿ ಮೇಡಂ" ಎಂದು ರುದ್ರೇಶ ನನಗಿಂತ ಹೆಚ್ಚು ನೊಂದುಕೊಂಡ. ಆ ದಿನದ ಗಂಟೆಗೆ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಅಂದು ನನ್ನ ಮುಖ ನೋಡಿಯೇ ಯಜಮಾನರಿಗೆ ವಿಷಯ ಗೊತ್ತಾಯಿತು. ಮರುದಿನ ಭಾನುವಾರ ಊಟವಾದ ಮೇಲೆ ಹೊಸ ಇಸ್ಪೀಟು ಪ್ಯಾಕು ತಂದು ಮುಂದಿಟ್ಟು, "ನನಗೂ ಹೇಳ್ಕೊಡೇ" ಎಂದರು. ಬಿಲ್ಲೆಗಳ ಬದಲು ಹುಣಿಸೆಬೀಜ ಹಂಚಿಕೊಂಡೆವು. ಪಾಪ, ಬೇಗ ಸೋಲಿಸಿದರೆ ಬೇಜಾರಾದೀತು ಎಂದು ಮೊದಮೊದಲು ಮೆತ್ತಗೆ ಆಡಿದೆ. ಆಮೇಲೆ ಗಟ್ಟಿಯಾಗಿ ಆಡಿದೆ. ಎರಡು ರೀತಿಯಲ್ಲೂ ನಾನೇ ಸೋತೆ. ಸಂಜೆಯ ಹೊತ್ತಿಗೆ ಮುಕ್ಕಾಲು ಬೀಜ ಅವರ ಕಡೆ.

"ಇದೆಂಗ್ರೀ?"

"ಒಳ್ಳೆ ಎಲೆ ಬಂದ್ರೆ ಸೆರಗು ಸರಿ ಮಾಡ್ಕೋತೀಯ ಕಣೇ. ಕೆಟ್ಟದ್ದು ಬಂದ್ರೆ ಅಡುಗೆಮನೆ ಕಡೆ ನೋಡ್ತೀಯ."

ಮುಂದಿನ ಆಟದಲ್ಲಿ ಅಲುಗಾಡದೆ ಕಲ್ಲಿನಂತೆ ಕೂತೆ. "ಈಗ ಸುಳ್ಳಾಡ್ತಿದೀಯ" ಎಂದು ಉಳಿದ ಬೀಜಗಳನ್ನೂ ಬಾಚಿಕೊಂಡರು.

ಈಗಲೂ ಭಾನುವಾರ ಆಡುತ್ತೇವೆ, ನಾನು ಸೋಲುತ್ತೇನೆ, ಅದರಲ್ಲೂ ಒಂದು ಸುಖವಿದೆ. ಕಾಡುವುದು ಒಂದೇ. ಇಪ್ಪತ್ತು ವರ್ಷಗಳಿಂದ ಹೊಸ ಸೀರೆ ಉಟ್ಟಾಗಲೆಲ್ಲ, "ಹಳೇದು ರೀ, ಪೆಟ್ಟಿಗೇಲಿತ್ತು" ಎಂದಿದ್ದೇನೆ; ಅವರು ಪ್ರತಿ ಸಲವೂ, "ಹೌದಾ, ಚೆನ್ನಾಗಿದೆ" ಎಂದಿದ್ದಾರೆ. ಆಗೆಲ್ಲ ನಾನು ಎತ್ತ ಕಡೆ ನೋಡುತ್ತಿದ್ದೆನೋ!