ಒಂದು ಹಲ್ಲಿನ ದಾಲ್‌ಮಿಲ್

ನಮ್ಮ ಕಾಕಾನ, ಅಂದರೆ ಅಪ್ಪನ ತಮ್ಮನ, ಬಾಯಲ್ಲಿ ಕೆಲಸಕ್ಕೆ ಬರುವ ಹಲ್ಲು ಒಂದೇ ಒಂದಿತ್ತು. ಆ ಹಲ್ಲಿನ ಮೇಲೆ ನಮ್ಮ ಮನೆತನದ ದಾಲ್‌ಮಿಲ್ ನಿಂತಿತ್ತು. ಉತ್ಪ್ರೇಕ್ಷೆ ಎನ್ನುತ್ತೀರಾ? ಮಿಲ್ಲು ಇರುವುದು ಆಳಂದದಲ್ಲಿ. ತೊಗರಿ ಕೊಳ್ಳುವ ಅಂಗಡಿಗಳಿರುವುದು ಅಫಜಲಪುರ ಮತ್ತು ಜೇವರ್ಗಿಯಲ್ಲಿ. ಈ ಮೂರು ತಾಲ್ಲೂಕಿನ ತೊಗರಿ ಒಣಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುತ್ತಿದ್ದುದು ಬಲಗಡೆಯ ಕೆಳಸಾಲಿನ ಆ ಒಂದು ದವಡೆ ಹಲ್ಲು. ಈಗ ಹೇಳಿ, ನಾನು ಹೆಚ್ಚು ಹೇಳಿದೆನೋ, ಕಡಿಮೆ ಹೇಳಿದೆನೋ?

ರೈತ ಬಂದು ಚೀಲದ ಬಾಯಿ ಬಿಚ್ಚುತ್ತಿದ್ದ. ಕಾಕಾ ಒಂದು ಕಾಳು ಆರಿಸಿ ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಕಚ್ಚುತ್ತಿದ್ದ. ‘ಕಟಕ್’ ಎಂದರೆ ಒಣಗಿದೆ, ತೂಕಕ್ಕೆ ಹಾಕು. ‘ಕಚಕ್’ ಎಂದರೆ ಇನ್ನೊಂದು ದಿನ ಬಿಸಿಲಿಗೆ ಹರಡು. ಸಪ್ಪಳವೇ ಬರಲಿಲ್ಲವೆಂದರೆ ಕಾಳು ಪೂರ್ತಿ ಹಸಿ, ಚೀಲ ಕಟ್ಟಿಕೊಂಡು ಊರಿಗೆ ನಡೆ. ಅಫಜಲಪುರ, ಜೇವರ್ಗಿಗಳ ತೊಗರಿಯ ಸ್ಯಾಂಪಲ್ ಕರವಸ್ತ್ರದಲ್ಲಿ ಗಂಟು ಕಟ್ಟಿಸಿಕೊಂಡು ಬಸ್ಸಿನಲ್ಲಿ ಬರುತ್ತಿತ್ತು. ಕಾಕಾ ಕಚ್ಚಿ ನೋಡಿ, ‘ಇದು ಸೊನ್ನದ ಕಡೀದು, ಹೊಳಿ ನೀರು ಕುಡಿದು ಬಂದದ’ ಎನ್ನುತ್ತಿದ್ದ. ಅದು ನಿಜವೋ ಸುಳ್ಳೋ ನೋಡಲು ಸೊನ್ನದವರೆಗೆ ಯಾರು ಹೋಗಬೇಕು?

ಇಂಥ ಹಲ್ಲನ್ನು ತಿನ್ನುವುದಕ್ಕೆ ಬಳಸಿದರೆ ಹೇಗೆ? ಕಾಕಾ ಬಳಸುತ್ತಿರಲಿಲ್ಲ. ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದ. ಮದುವೆಮನೆಯಲ್ಲಿ ಕರ್ಚಿಕಾಯಿಗೆ ಕೈಮುಗಿದು ಮುಂದೆ ಹೋಗುತ್ತಿದ್ದ. ಅದು ಅವನ ಹಲ್ಲಲ್ಲ, ಮಿಲ್ಲಿನ ಸೊತ್ತು. ಒಮ್ಮೆ ನೋವೆದ್ದಾಗ ಕಲಬುರ್ಗಿಯ ಹಲ್ಲಿನ ಡಾಕ್ಟರರು, ‘ತೆಗೀಬೇಕು’ ಎಂದರಂತೆ. ಕಾಕಾ ಕೇಳಿದ:

‘ಹಂಗೇ ಬಿಟ್ರ ಏನಾಗ್ತದ್ರಿ ಸಾಹೇಬ್ರ?’

‘ಒಂದಿನ ತಾನೇ ಬೀಳ್ತದ.’

‘ಹಂಗಾದ್ರ ಅದರ ಕೆಲಸ ಅದ ಮಾಡ್ಲಿ ಬಿಡ್ರಿ. ನಾವು ಯಾಕ ಕೈ ಹಾಕೋದು?’

ಈಗ ನನ್ನ ವಿಷಯ. ಯಾರ ದನಿಯನ್ನಾದರೂ ಅಣಕಿಸುವುದು ನನ್ನ ಚಟ. ಅಪ್ಪನ ಕೆಮ್ಮು, ಜೇವರ್ಗಿ ಅಂಗಡಿ ನೋಡಿಕೊಳ್ಳುವ ಮಾವನ ನಗು, ಯಾವುದೂ ತಪ್ಪಿಸಿಕೊಂಡಿಲ್ಲ. ನನ್ನನ್ನೂ ಬಿಟ್ಟಿಲ್ಲ: ಎಂಬಿಎ ಮುಗಿಸಿ ಬಂದ ಹೊಸದರಲ್ಲಿ ‘ಬೇಸಿಕಲಿ’ ಎನ್ನದೆ ಕುಡಿಯಲು ನೀರನ್ನೂ ಕೇಳದವನು ನಾನು. ಆದರೆ ಬಂಧುಬಳಗ ಕೂಡಿದಲ್ಲೆಲ್ಲ ಬೇಡಿಕೆ ಇದ್ದದ್ದು ಕಾಕಾನ ಹಲ್ಲಿಗೆ. ಕಣ್ಣು ಮುಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ‘ಕಟಕ್’ ಎನಿಸಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಕಾಕಾ ಮಾತ್ರ ನಗದೆ, ಕುತ್ತಿಗೆ ಚಾಚಿ ನನ್ನ ಬಾಯನ್ನೇ ನೋಡಿ ಹೇಳುತ್ತಿದ್ದ: ‘ಲೇ, ನಿನ್ನ ಕಟಕ್‌ನ್ಯಾಗ ಇನ್ನಾ ಹಸಿ ಅದ. ಇನ್ನೊಂದು ದಿನ ಬಿಸಲಿಗಿ ಹಾಕು.’

ಈ ಸುಗ್ಗಿಯಲ್ಲಿ ನಗು ನಿಂತಿತು. ಕಾಕಾ ‘ಕಟಕ್’ ಎನಿಸಿ ಖರೀದಿಸಿದ ತೊಗರಿಯೇ ಗೋದಾಮಿನಲ್ಲಿ ಬೂಸ್ಟು ಹಿಡಿಯಿತು. ಸೊಲ್ಲಾಪುರದ ವ್ಯಾಪಾರಿಗೆ ಕಳಿಸಿದ ಬೇಳೆಯ ಲಾರಿ ತಿರುಗಿ ಬಂತು. ದಾರಿಯ ಖಜೂರಿ ಊರಿನಲ್ಲಿ ಚಹಾಕ್ಕೆ ನಿಲ್ಲಿಸಿದ ಡ್ರೈವರ್ ಅಲ್ಲಿಂದ ಅಪ್ಪನಿಗೆ ಫೋನ್ ಮಾಡಿದ: ‘ಸಾವ್ಕಾರ್ರ, ಮಾಲ್ ವಾಪಸ್ ತರಾಕತ್ತೇನಿ. ವಾಸನಿ ಬರ್ತದಂತ.’ ಇನ್ನೊಂದು ಲಾರಿ ಹೀಗೆ ತಿರುಗಿದರೆ ನಮ್ಮ ಬೇಳೆಯನ್ನು ಕೇಳುವವರಿರುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಕಾನ ಮುಂದೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಅಪ್ಪ ನನ್ನನ್ನು ಕರೆದ. ತೇವ ಅಳೆಯುವ ಮಷಿನ್ ಮೂರೂ ಕಡೆ ಇಡುವುದು, ಬಸ್ಸಿನಲ್ಲಿ ಗಂಟು ಕಳಿಸುವುದನ್ನು ಬಿಟ್ಟು ಆಯಾ ಅಂಗಡಿಯವರೇ ತೀರ್ಮಾನಿಸುವುದು, ಇದು ನನ್ನ ಸಲಹೆಯಾಗಿತ್ತು. ‘ಆದ್ರ ಎಲ್ಲಾರೂ ಒಪ್ಪಬೇಕು. ಆಯ್ತವಾರ ಕೂಡೂಣು. ಕೇಸ್ ಪಕ್ಕಾ ಇರಬೇಕು’ ಎಂದ ಅಪ್ಪ.

‘ಕೇಸ್’ ಎಂಬುದೊಂದೇ ಕಾಕಾನ ಕಿವಿಗೆ ಬಿತ್ತು. ‘ನನ್ನ ಮ್ಯಾಲ ಕೇಸ್ ಹಾಕ್ತೀಯಂತಲ್ಲೋ. ಆಳಂದ ಕೋರ್ಟ್‌ನ್ಯಾಗೋ, ಕಲಬುರ್ಗಿದಾಗೋ? ಅಣ್ಣನ ಕೇಳಿ ವಕೀಲನ್ನ ಹಿಡೀಬೇಕು ಅಂದ್ರ ಅಂವ ನಿನ್ನ ಕಡೆ ಇದ್ದಾನ.’

ಅದು ಆ ಕೇಸಲ್ಲ, ಬದಲಾವಣೆ ಯಾಕೆ ಬೇಕೆಂದು ಬರೆದು ತೋರಿಸುವ ‘ಬಿಸಿನೆಸ್ ಕೇಸ್’ ಎಂದು ವಿವರಿಸಿದೆ. ನಡೆಯುತ್ತಿರುವ ವ್ಯವಸ್ಥೆಯನ್ನು ಬದಲಿಸುವ ಮುಂಚೆ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು. ಈಗ ಇರುವ ತೊಂದರೆ ಏನು? ಬೇರೆ ದಾರಿಗಳು ಯಾವುವು? ಖರ್ಚೆಷ್ಟು, ಲಾಭವೇನು? ಎಡವಟ್ಟಾದರೆ ಏನು ಮಾಡುವುದು? ಬದಲಾವಣೆ ಫಲ ಕೊಟ್ಟಿತೆಂದು ತಿಳಿಯುವುದು ಹೇಗೆ? ಮತ್ತು ಎಲ್ಲಕ್ಕಿಂತ ಮೊದಲು, ಏನೂ ಮಾಡದೆ ಸುಮ್ಮನಿದ್ದರೆ ಏನಾಗುತ್ತದೆ? ಕೊನೆಯದನ್ನು ಕೇಳಿ ಕಾಕಾ ತಲೆಯಾಡಿಸಿದ. ‘ಅದನ್ನ ನಾ ಡಾಕ್ಟರಗ ಕೇಳಿದ್ದೆ’ ಎಂದ.

ಭಾನುವಾರ ಮಿಲ್ಲಿನ ಆಫೀಸಿನಲ್ಲಿ ಕೂಡಿದೆವು. ಅಪ್ಪ, ಕಾಕಾ, ಅಫಜಲಪುರದ ಅಂಗಡಿ ನೋಡಿಕೊಳ್ಳುವ ನನ್ನ ಅಣ್ಣ, ಜೇವರ್ಗಿಯ ಮಾವ. ನಾನು ಎದ್ದು ನಿಂತು, ‘ಬೇಸಿಕಲಿ’ ಎಂಬುದನ್ನು ನುಂಗಿಕೊಂಡು ಓದಿದೆ. ಕಾಕಾ ಕಣ್ಣು ಮುಚ್ಚಿ ಕೇಳಿದ, ಕಾಳು ಕಚ್ಚುವಾಗಿನಂತೆ.

‘ಮಷಿನ್ ಕೆಟ್ರ?’

‘ರಿಪೇರಿಯವ ಬರ್ತಾನ ಕಾಕಾ.’

‘ಅಂವ ಬರೋತನಕ?’

‘ಹಳೆಯ ಪದ್ಧತಿ ಇದ್ದೇ ಅದ.’

ಕಾಕಾ ಕಣ್ಣು ತೆರೆದ. ‘ಆವಾಗಿಂದ ಹಳೆಯ ಪದ್ಧತಿ, ಹಳೆಯ ಪದ್ಧತಿ ಅಂತ ಓದಾಕತ್ತೀದಿ. ಅದು ನಾನೇನೋ?’

ನಾನು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

‘ನಾಚಬ್ಯಾಡ. ಅದನ್ನ ತಗದು ಆ ಜಾಗಾಕ ಕಾಕಾ ಅಂತ ಹಾಕು. ಹಾಕಿ ಓದು.’

ಮಾವ ನಕ್ಕ. ನನಗೂ ತಮಾಷೆ ಎನ್ನಿಸಿತು. ಓದತೊಡಗಿದೆ: ‘ಕಾಕಾನಿಂದಾಗಿ ಮಾಲು ಹಾಳಾಗುತ್ತಿದೆ. ಕಾಕಾನ ಮೇಲೆ ಮೂರೂ ಕಡೆಯ ಖರೀದಿ ಅವಲಂಬಿಸಿರುವುದು ಅಪಾಯಕಾರಿ. ಆದ್ದರಿಂದ ಕಾಕಾನನ್ನು ಹಂತ ಹಂತವಾಗಿ ಕೈಬಿಡತಕ್ಕದ್ದು.’

ಎರಡನೆಯ ವಾಕ್ಯಕ್ಕೇ ಮಾವನ ನಗು ನಿಂತಿತ್ತು. ಮೂರನೆಯದನ್ನು ನಾನು ಹೇಗೆ ಓದಿ ಮುಗಿಸಿದೆನೋ ಗೊತ್ತಿಲ್ಲ. ಎಷ್ಟೊಂದು ದನಿಗಳನ್ನು ತೆಗೆಯುವ ನನಗೆ ನನ್ನ ದನಿಯೇ ಬೇರೆ ಯಾರದೋ ಎನ್ನಿಸಿತು.

‘ತಪ್ಪೇನಿಲ್ಲ, ಬರೋಬ್ಬರಿ ಬರ್ದೀದಿ’ ಎಂದ ಕಾಕಾ. ಅಂಗಿಯ ಕಿಸೆಯಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗೆ ಹಲ್ಲು ಇತ್ತು. ‘ಈ ಸುಗ್ಗಿ ಸುರುವಾಗೂ ಮುಂದ, ಎಳ್ಳಮಾಸಿ ಹಬ್ಬದ ದಿನ ಬಿತ್ತು. ಹೊಲದಾಗ ಕುಂತು ಸಜ್ಜಿ ಕಡುಬು ತಿನ್ನಾಗ. ಜಲ್ಮೆಲ್ಲಾ ಗಟ್ಟಿದು ತಿನ್ನಲಿಲ್ಲ, ಮೆತ್ತಂದಕ್ಕೇ ಬಿತ್ತು.’

‘ಹಂಗಾದ್ರ ಇಷ್ಟು ದಿನ ಕಟಕ್ ಅಂತಿತ್ತಲ್ಲೋ ತಮ್ಮಾ?’ ಅಪ್ಪ ಕೇಳಿದ.

‘ನಾಲಿಗಿಲೆ ತೆಗೀತಿದ್ದೆ.’ ಕಾಕಾ ನನ್ನ ಕಡೆ ಗದ್ದ ಎತ್ತಿ ತೋರಿಸಿದ. ‘ಇವನ್ನ ನೋಡೇ ಕಲ್ತೆ.’

ಅಣಕಿಸುವವನಿಗೆ ಇದಕ್ಕಿಂತ ದೊಡ್ಡ ಬಹುಮಾನ ಎಲ್ಲಿಂದ ಬರಬೇಕು? ನನ್ನನ್ನು ಅಣಕಿಸಿದವನು ಅವನೊಬ್ಬನೇ. ಆದರೆ ನನಗೆ ನಗು ಬರಲಿಲ್ಲ.

‘ಮೊದಲೇ ಹೇಳಬೇಕಿತ್ತು, ಖರೇ’ ಎಂದು ಕಾಕಾ ಹಲ್ಲನ್ನು ಮತ್ತೆ ಕಟ್ಟಿದ. ‘ರೈತರು ನನ್ನ ಬಾಯಿ ನೋಡ್ಕೊಂತ ನಿಂದರ್ತಾರ ಅಣ್ಣಾ. ವರ್ಷೆಲ್ಲಾ ದುಡಿದು ಬೆಳೆದ ತೊಗರಿ, ನಾ ಏನಂತೀನೋ ಅಂತ. ಅವರ ಮುಂದ ಬಾಯಿ ತಗದು, ಇದರಾಗ ಏನೂ ಇಲ್ಲ ಅಂತ ತೋರ್ಸಾಕ ಆಗ್ಲಿಲ್ಲ. ನಿನ್ನ ಲಾರಿ ತಿರುಗಿಸಿದವ ನಾನೇ.’

ಅಪ್ಪ ತನ್ನ ಮುಂದಿದ್ದ ಚಹಾದ ಕಪ್ಪನ್ನು ತಮ್ಮನ ಮುಂದೆ ಸರಿಸಿದ.

ಕಾಕಾ ಚಹಾ ಕುಡಿದು ನನಗೆ ಹೇಳಿದ: ‘ಮಷಿನ್ ತರ್ರಿ. ಆದ್ರ ನಿನ್ನ ಕೇಸ್‌ನ್ಯಾಗ ಒಂದು ಬಿಟ್ಟೀದಿ. ಬದಲಾದ ಮ್ಯಾಲ ಯಾರು ಎಲ್ಲಿ ಕುಂದರ್ತಾರ ಅಂತ ಬರ್ದಿಲ್ಲ.’

‘ನೀ ಎಲ್ಲಿ ಕುಂದರ್ತೀ ಕಾಕಾ?’

‘ಮಷಿನ್ ಬಾಜೂಕ. ಹಸಿ ಅದ ಅಂತ ಅದು ಹೇಳ್ತದ. ಚೀಲ ಹೊತ್ಕೊಂಡು ತಿರುಗಿ ಹೋಗವಗ, ಬಾರಪಾ ಚಾ ಕುಡಿ ಅನ್ನವ್ರು ಯಾರು?’

ಹಾಗೆಂದು ಸೇರಿಸಿದೆ. ಎಲ್ಲರೂ ಒಪ್ಪಿದರು.

ಮಷಿನ್ ಬರುವುದರೊಳಗೆ ಅಪ್ಪ ಬಲವಂತದಿಂದ ಕಾಕಾನಿಗೆ ಹಲ್ಲಿನ ಸೆಟ್ ಹಾಕಿಸಿದ. ಈಗ ಬಾಯಿ ತುಂಬ ಹಲ್ಲು, ತೊಗರಿ ಕಚ್ಚುವಂಥದ್ದು ಒಂದೂ ಇಲ್ಲ.

ಮಷಿನ್ ಶುರುವಾದ ದಿನ ಮಟಕಿ ಊರಿನ ರೈತರೊಬ್ಬರು ಚೀಲ ತಂದರು. ಕಾಳು ಹಾಕಿದೆವು. ಚೆನ್ನಾಗಿ ಒಣಗಿದೆ ಎಂದು ಮಷಿನ್ ತೋರಿಸಿತು. ರೈತರು ಅದರ ಕಡೆ ನೋಡಲೇ ಇಲ್ಲ.

‘ಅದು ಏನರ ಹೇಳ್ಲಿ ಬಿಡ್ರಿ. ಸಾವ್ಕಾರ್ರ, ನೀವು ಏನಂತೀರಿ?’

ಕಾಕಾ ಒಂದು ಕಾಳು ಬಾಯಿಗೆ ಹಾಕಿ ಕಣ್ಣು ಮುಚ್ಚಿದ. ಹೊಸ ಸೆಟ್ಟಿನ ಒಳಗೆ ನಾಲಿಗೆ ಆಡಲು ಜಾಗವಿರಲಿಲ್ಲ. ಸಪ್ಪಳ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದ, ಬರಲಿಲ್ಲ. ಸಪ್ಪಳ ಬರದಿದ್ದರೆ ಏನರ್ಥವೆಂದು ಬಲ್ಲ ರೈತರ ಮುಖ ಇಳಿಯತೊಡಗಿತು. ಕಾಕಾ ಕಣ್ಣು ತೆರೆಯಲು ಹೆದರಿದವನಂತೆ ಹಾಗೇ ಕುಳಿತಿದ್ದ.

ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ನಾಲಿಗೆಯನ್ನು ಅಂಗುಳಕ್ಕೆ ಹೊಡೆದೆ.

ಕಟಕ್.

ರೈತರು ನಕ್ಕು ಚೀಲವನ್ನು ತೂಕಕ್ಕೆ ಎತ್ತಿದರು. ಕಾಕಾ ಕಾಳನ್ನು ಬಾಯಿಂದ ತೆಗೆದು ಧೋತರದ ಅಂಚಿನಲ್ಲಿ ಒರೆಸಿ, ಹಿಂದೆ ತಿರುಗದೆಯೇ ಹೇಳಿದ: ‘ಈಗ ಒಣಗ್ಯದ ನೋಡು.’

‘ಹೌದ್ರಿ, ದಿನಾ ಬಿಸಲಿಗಿ ಹಾಕಿದ್ದೆ’ ಎಂದರು ರೈತರು.

ಒಣಗಿದ್ದು ಯಾವುದೆಂದು ನನಗೊಬ್ಬನಿಗೇ ಗೊತ್ತಿತ್ತು; ರೈತರಿಗೆ ಚಹಾ ತರಲು ಹೋದೆ.